ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಅಗ್ಗವಾದರೆ ಬಿಡಿಭಾಗದ ವ್ಯಾಪಾರ ಏರುತ್ತದೆಯೇ?

ಪೂರಕ ಸರಕುಗಳ ಪಾಠದಲ್ಲಿ ಕಾರು ಮತ್ತು ಪೆಟ್ರೋಲಿನ ಉದಾಹರಣೆ ನಮಗೆಲ್ಲ ಬಾಯಿಪಾಠ. ಒಂದರ ಬೆಲೆ ಇಳಿದರೆ ಜನ ಅದನ್ನು ಹೆಚ್ಚು ಕೊಳ್ಳುತ್ತಾರೆ, ಅದರ ಜೊತೆ ಬೇಕಾಗುವ ಇನ್ನೊಂದಕ್ಕೂ ಬೇಡಿಕೆ ಏರುತ್ತದೆ. ಹಳೆಯ ಸ್ಪೋರ್ಟ್ಸ್ ಕಾರು ಮತ್ತು ಆಫ್ಟರ್‌ಮಾರ್ಕೆಟ್ ಬಿಡಿಭಾಗಗಳ (ಕಾರು ಮಾರಾಟವಾದ ಮೇಲೆ ಹೊರಗಿನ ಅಂಗಡಿಗಳಲ್ಲಿ ಸಿಗುವ ಭಾಗಗಳ) ವಿಷಯದಲ್ಲೂ ಎರಡು ಸಾಲಿನಲ್ಲಿ ಹೀಗೇ ಬರೆದು ಮುಗಿಸಬಹುದು. ಉತ್ತರ ಪೂರ್ತಿ ತಪ್ಪೇನಲ್ಲ, ಆದರೆ ನಡುವಿನ ಒಂದು ಮೆಟ್ಟಿಲು ಬಿಟ್ಟುಹೋಗುತ್ತದೆ. ಈ ಟಿಪ್ಪಣಿ ಮುಖ್ಯವಾಗಿ ಆ ಮೆಟ್ಟಿಲಿನ ಬಗ್ಗೆ.

ಮೊದಲು ಲೆಕ್ಕ. ಒಂದು ಮಾದರಿಯ ಹಳೆಯ ಕಾರಿನ ಬೆಲೆ 12 ಲಕ್ಷದಿಂದ 9 ಲಕ್ಷಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಅದೇ ಅವಧಿಯಲ್ಲಿ ಅದಕ್ಕೆ ಹೊಂದುವ ಸಸ್ಪೆನ್ಷನ್ ಕಿಟ್‌ಗಳ ಮಾರಾಟ ತಿಂಗಳಿಗೆ 40ರಿಂದ 46ಕ್ಕೆ ಏರಿತು. ಬೆಲೆ ಶೇ 25 ಇಳಿಕೆ, ಬೇಡಿಕೆ ಶೇ 15 ಏರಿಕೆ. ಅಡ್ಡ ಸ್ಥಿತಿಸ್ಥಾಪಕತ್ವ (ಒಂದರ ಬೆಲೆ ಬದಲಾದಾಗ ಇನ್ನೊಂದರ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬ ಅಳತೆ) ಎಂದರೆ ಇಲ್ಲಿ 15ನ್ನು ಮೈನಸ್ 25ರಿಂದ ಭಾಗಿಸಿದ್ದು, ಅಂದರೆ ಮೈನಸ್ 0.6. ಋಣಾತ್ಮಕವಾಗಿರುವುದರಿಂದ ಇವು ಪೂರಕ ಸರಕುಗಳು. ಪರೀಕ್ಷೆಯ ಮಟ್ಟಿಗೆ ಇಷ್ಟು ಸಾಕು.

ಬಿಟ್ಟುಹೋದ ಮೆಟ್ಟಿಲು

ಹೊಸ ಕಾರು ಅಗ್ಗವಾದರೆ ಕಾರ್ಖಾನೆ ಹೆಚ್ಚು ಕಾರು ಮಾಡಿ ಮಾರಬಹುದು. ಹಳೆಯ ಕಾರು ಅಗ್ಗವಾದರೆ ಯಾರೂ ಹಳೆಯ ಕಾರನ್ನು ತಯಾರಿಸಲಾರರು! ಫೋಕ್ಸ್‌ವ್ಯಾಗನ್ ಪೋಲೋ ಭಾರತದಲ್ಲಿ 2022ರಲ್ಲಿ ನಿಂತುಹೋಯಿತು. ಅದರ ಸ್ಪೋರ್ಟ್ಸ್ ರೂಪವಾದ ಜಿಟಿ ಟಿಎಸ್ಐ ಗಾಡಿಗಳು ರಸ್ತೆಯಲ್ಲಿ ಎಷ್ಟಿವೆಯೋ ಅಷ್ಟೇ, ಇನ್ನು ಮುಂದೆ ಅಪಘಾತವಾಗಿಯೋ ಗುಜರಿಗೆ ಹೋಗಿಯೋ ಕಡಿಮೆಯಾಗುತ್ತವೆ ಹೊರತು ಹೆಚ್ಚಾಗುವುದಿಲ್ಲ. ಬೆಲೆ ಇಳಿದಾಗ ಬದಲಾಗುವುದು ಕಾರಿನ ಸಂಖ್ಯೆಯಲ್ಲ, ಆರ್‌ಸಿಯಲ್ಲಿರುವ ಹೆಸರು.

ಆದ್ದರಿಂದ ನನ್ನ ನೋಟ್ಸಿನಲ್ಲಿ ಹೀಗೆ ಒಡೆದು ಬರೆದಿದ್ದೇನೆ: ಬಿಡಿಭಾಗಗಳ ಒಟ್ಟು ಬೇಡಿಕೆ ಎಂದರೆ ಓಡುತ್ತಿರುವ ಕಾರುಗಳ ಸಂಖ್ಯೆ ಗುಣಿಸು ಒಂದು ಕಾರಿಗೆ ಮಾಲೀಕ ಮಾಡುವ ಖರ್ಚು. ಮೊದಲನೆಯದು ಹೆಚ್ಚು ಕಡಿಮೆ ಸ್ಥಿರ. ಹಾಗಾದರೆ ಏರಿಳಿತವೆಲ್ಲ ಬರಬೇಕಾದದ್ದು ಎರಡನೆಯದರಿಂದ.

ಎರಡನೆಯದು ಹೇಗೆ ಬದಲಾಗುತ್ತದೆ ಎಂಬುದನ್ನು ನಮ್ಮೂರು ಮಂಗಳೂರಿನ ಸುತ್ತಮುತ್ತಲೇ ನೋಡಬಹುದು. ಹೊಸದಾಗಿ ಕೊಂಡ ಮೊದಲ ಮಾಲೀಕ ಕಂಪನಿಯ ಸರ್ವಿಸ್ ಸೆಂಟರ್ ಬಿಟ್ಟು ಬೇರೆಡೆ ಹೋಗುವುದು ಕಡಿಮೆ, ಯಾಕೆಂದರೆ ಹೊರಗೆ ಕೈಯಾಡಿಸಿದರೆ ವಾರಂಟಿಗೆ ತೊಂದರೆ. ಅದೇ ಗಾಡಿ ಎರಡು ಕೈ ದಾಟಿ ಮಣಿಪಾಲದ ಒಬ್ಬ ವಿದ್ಯಾರ್ಥಿಗೋ ಬೈಕಂಪಾಡಿಯಲ್ಲಿ ಕೆಲಸ ಮಾಡುವ ಯುವಕನಿಗೋ ಬರುವ ಹೊತ್ತಿಗೆ ವಾರಂಟಿ ಮುಗಿದಿರುತ್ತದೆ. ಕೊಳ್ಳುವಾಗ ಉಳಿದ ದುಡ್ಡು ಕೈಯಲ್ಲಿದೆ, ಗಾಡಿಗೆ ತನ್ನದೇ ರೂಪ ಕೊಡುವ ಆಸೆಯೂ ಇದೆ. ಅಲಾಯ್ ವೀಲ್, ಸೈಲೆನ್ಸರ್, ಇಸಿಯು ರೀಮ್ಯಾಪ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಎಲ್ಲಕ್ಕೂ ಗಿರಾಕಿ ಇವನೇ. ಪಠ್ಯದ ಸೂತ್ರ ನಿಜವಾಗುವುದು ಈ ದಾರಿಯಲ್ಲಿ.

ಆದರೆ ಇದೇ ಯುವಕ ಒಂದು ಮಳೆಗಾಲ ಕಳೆದ ಮೇಲೆ ಬಿಡಿಭಾಗದ ಅಂಗಡಿಗೆ ಬಂದಾಗ ಅವನ ಚೀಟಿಯಲ್ಲಿ ಏನಿರುತ್ತದೆ ನೋಡಿ: ಲೋವರ್ ಆರ್ಮ್ ಬುಶ್ (ಸಸ್ಪೆನ್ಷನ್ನಿನ ಕೀಲಿನಲ್ಲಿರುವ ರಬ್ಬರ್ ತುಂಡು), ಶಾಕ್ ಅಬ್ಸಾರ್ಬರ್ ಮೌಂಟ್, ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಸಮುದ್ರದ ಉಪ್ಪುಗಾಳಿ ಬೀಸುವ ಊರು ನಮ್ಮದು. ಹೊಂಡ ಬಿದ್ದ ರಸ್ತೆಯಲ್ಲಿ ಸಸ್ಪೆನ್ಷನ್ ಬದಲಿಸಿ ತಗ್ಗಿಸಿದ ಗಾಡಿಯ ಬುಶ್‌ಗಳು ಬೇಗ ಸವೆಯುತ್ತವೆ, ಡಿಸ್ಕ್ ಅಂಚಿಗೆ ತುಕ್ಕು ಹತ್ತುತ್ತದೆ. "ಮೊದಲು ಬುಶ್ ಹಾಕಿಸಿ ಮಾರಾಯ್ರೆ, ಸೈಲೆನ್ಸರ್ ಓಡಿಹೋಗುವುದಿಲ್ಲ" ಎಂದು ಕಂಕನಾಡಿಯ ಒಬ್ಬ ಅಂಗಡಿಯವರು ಗಿರಾಕಿಗೆ ಹೇಳಿದ್ದು ನನಗೆ ಇಡೀ ಅಧ್ಯಾಯದಷ್ಟು ಉಪಯೋಗಕ್ಕೆ ಬಂತು. ಆಸೆಗೆ ಕೊಳ್ಳುವ ಭಾಗ, ಅಗತ್ಯಕ್ಕೆ ಕೊಳ್ಳುವ ಭಾಗ ಎರಡೂ "ಆಫ್ಟರ್‌ಮಾರ್ಕೆಟ್" ಎಂಬ ಒಂದೇ ಹೆಸರಿನಲ್ಲಿವೆ. ಕಾರು ಅಗ್ಗವಾದಷ್ಟೂ ಅದು ಕಡಿಮೆ ಆದಾಯದ ಮಾಲೀಕನ ಕೈಗೆ ಬರುತ್ತದೆ, ಅವನ ಖರ್ಚಿನಲ್ಲಿ ಅಗತ್ಯದ ಪಾಲು ಹಿಗ್ಗುತ್ತದೆ. ಒಟ್ಟು ಮಾರಾಟ ಏರಿದರೂ ರೇಸಿಂಗ್ ಭಾಗ ಮಾರುವವನ ಗಲ್ಲಾಪೆಟ್ಟಿಗೆ ಖಾಲಿ ಇರಬಹುದು.

ಇಳಿಕೆಗೂ ಒಂದು ಮಿತಿ

ಕಾರಿನ ಬೆಲೆ ಇಳಿದ ಹಾಗೆ ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. 8 ಲಕ್ಷದ ಕಾರಿಗೂ 4 ಲಕ್ಷಕ್ಕೆ ಇಳಿದ ಅದೇ ಕಾರಿಗೂ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ಕ್ಲಚ್ ಪ್ಯಾಕ್ ಒಂದೇ ದರ. ಗಾಡಿಯ ಬೆಲೆಯ ಅರ್ಧದಷ್ಟು ಬಿಲ್ಲು ಎದುರಿಗೆ ಬಂದಾಗ ಮಾಲೀಕ ಹಿಂದೆ ಸರಿಯುತ್ತಾನೆ. ವಿಮೆಯಲ್ಲಿ ಈ ಮಿತಿಯನ್ನು ಅಂಕಿಯಲ್ಲೇ ಕಾಣಬಹುದು. ದುರಸ್ತಿ ವೆಚ್ಚ ಗಾಡಿಯ ಘೋಷಿತ ಮೌಲ್ಯದ, ಅಂದರೆ ಐಡಿವಿಯ, ಶೇ 75 ದಾಟಿದರೆ ಅದು ಟೋಟಲ್ ಲಾಸ್, ಅಂದರೆ ದುರಸ್ತಿ ಮಾಡಿಸಿ ಪ್ರಯೋಜನವಿಲ್ಲದ ಗಾಡಿ ಎಂದು ಲೆಕ್ಕ. ಐಡಿವಿ ಕಡಿಮೆಯಾದಷ್ಟೂ ಸಣ್ಣ ಅಪಘಾತಕ್ಕೇ ಗಾಡಿ ಆ ಗೆರೆ ದಾಟುತ್ತದೆ.

ಹಾಗೆ ದಾಟಿದ ಗಾಡಿ ಗುಜರಿಗೆ ಹೋಗಿ ಅದರ ಬಾಗಿಲು, ಹೆಡ್‌ಲೈಟ್, ಗೇರ್‌ಬಾಕ್ಸ್ ಬಿಚ್ಚಿ ಮಾರಾಟಕ್ಕೆ ಬರುತ್ತವೆ. ಇವು ಹೊಸ ಆಫ್ಟರ್‌ಮಾರ್ಕೆಟ್ ಭಾಗಕ್ಕೆ ಬದಲಿ ಸರಕು. ಒಂದೇ ಬೆಲೆ ಇಳಿಕೆ ಒಂದು ಕಡೆ ಬೇಡಿಕೆ ಹುಟ್ಟಿಸಿ, ಇನ್ನೊಂದು ಕಡೆ ಅದಕ್ಕೆ ಪೈಪೋಟಿಯನ್ನೂ ಹುಟ್ಟಿಸುತ್ತದೆ.

ಬೆಲೆ ಯಾಕೆ ಇಳಿಯಿತು?

ಯಾವ ಲೆಕ್ಕಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇದೇ ಎಂದು ನನಗೆ ಅನಿಸುತ್ತದೆ. 1990ರ ದಶಕದ ಕೊನೆಗೆ ಬಂದ ಪೋರ್ಷೆ 911ರ 996 ಮಾದರಿಯನ್ನು ತೆಗೆದುಕೊಳ್ಳಿ. ನೀರಿನಿಂದ ತಂಪಾಗುವ ಎಂಜಿನ್ ಇದ್ದ ಮೊದಲ 911 ಅದು. ಅದರ ಎಂಜಿನ್ನಿನ ಇಂಟರ್ಮೀಡಿಯೆಟ್ ಶಾಫ್ಟ್ ಬೇರಿಂಗ್ ಕೆಟ್ಟರೆ ಇಡೀ ಎಂಜಿನ್ನೇ ಹಾಳಾಗುವ ಅಪಾಯವಿತ್ತು. ಆ ಭಯ ಸೆಕೆಂಡ್ ಹ್ಯಾಂಡ್ ಬೆಲೆಯನ್ನು ತಗ್ಗಿಸಿತು. ಅಮೆರಿಕದಲ್ಲಿ ಆ ಬೇರಿಂಗನ್ನೇ ಬದಲಿಸುವ ಆಫ್ಟರ್‌ಮಾರ್ಕೆಟ್ ಕಿಟ್‌ಗಳ ವ್ಯಾಪಾರವೂ ಬೆಳೆಯಿತು. ಅಂಕಿ ಮಾತ್ರ ನೋಡಿದವರು ಬೆಲೆ ಇಳಿದದ್ದರಿಂದ ಕಿಟ್‌ಗೆ ಬೇಡಿಕೆ ಬಂತು ಎನ್ನುತ್ತಾರೆ. ನಿಜಕ್ಕೂ ಎರಡಕ್ಕೂ ಮೂಲ ಒಂದೇ ದೋಷ. ಸಹಸಂಬಂಧ ಇದ್ದ ಮಾತ್ರಕ್ಕೆ ಕಾರಣ–ಪರಿಣಾಮ ಇರಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ನಮ್ಮಲ್ಲಿ 2025ರ ಸೆಪ್ಟೆಂಬರ್ 22ರಂದು ಜಾರಿಯಾದ ಜಿಎಸ್‌ಟಿ ದರಗಳನ್ನೂ ಹೀಗೇ ಪರೀಕ್ಷಿಸಬಹುದು. ಸಣ್ಣ ಕಾರುಗಳ ತೆರಿಗೆ ಶೇ 28ರಿಂದ 18ಕ್ಕೆ ಬಂತು. ದೊಡ್ಡ ಕಾರುಗಳಿಗೆ ಸೆಸ್ ತೆಗೆದು ಶೇ 40 ಮಾಡಿದರು. ಹೊಸ ಕಾರು ಅಗ್ಗವಾದರೆ ಹಳೆಯದರ ಬೆಲೆಯೂ ಒತ್ತಡಕ್ಕೆ ಸಿಲುಕುತ್ತದೆ, ಅದು ಸರಿ. ಆದರೆ ಅದೇ ದಿನ ವಾಹನ ಬಿಡಿಭಾಗಗಳೆಲ್ಲ ಶೇ 18ರ ಅಡಿಗೆ ಬಂದವು. ಆಮೇಲೆ ಬಿಡಿಭಾಗದ ಮಾರಾಟ ಏರಿದ್ದರೆ ಅದು ಕಾರಿನ ಬೆಲೆ ಇಳಿದದ್ದರಿಂದಲೋ, ಬಿಡಿಭಾಗದ ಸ್ವಂತ ಬೆಲೆ ಇಳಿದದ್ದರಿಂದಲೋ? "ಇತರ ಅಂಶಗಳು ಸ್ಥಿರವಾಗಿದ್ದಾಗ" ಎಂಬ ಷರತ್ತು ಅಲ್ಲಿ ಮುರಿದುಬಿದ್ದಿದೆ. ಆ ಅವಧಿಯ ಅಂಕಿಯಿಂದ ಅಡ್ಡ ಸ್ಥಿತಿಸ್ಥಾಪಕತ್ವ ಲೆಕ್ಕ ಹಾಕಬೇಡಿ.

ಕಾನೂನಿನ ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಆಗಬಹುದು. ಹಾಗಾಗಿ ಕಾರು ಎಷ್ಟು ಅಗ್ಗವಾದರೂ ಕರ್ಕಶ ಸೈಲೆನ್ಸರಿಗೆ ಬೇಡಿಕೆ ಒಂದು ಹಂತದ ಮೇಲೆ ಏರುವುದು ಕಷ್ಟ, ಬ್ರೇಕ್ ಪ್ಯಾಡಿಗೆ ಈ ತಡೆ ಇಲ್ಲ.

ಕೊನೆಗೆ, ಕಾರಿನ ಸಂಖ್ಯೆ ಸ್ಥಿರ ಎಂದಿದ್ದೆನಲ್ಲ, ಅದು ದೇಶಕ್ಕೆ ಸರಿ, ಜಿಲ್ಲೆಗೆ ಅಲ್ಲ. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನ ಓಡಬಾರದೆಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿತ್ತು. ಅಂಥ ಕಡೆ ಬೆಲೆ ಬಿದ್ದ ಗಾಡಿ ಎನ್‌ಒಸಿ ಪಡೆದು, ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಿ, ಕೆಎ 19 ಅಥವಾ ಕೆಎ 20 ನಂಬರಿಗೆ ಬದಲಾಗಬಹುದು. ಹಾಗೆ ಬಂದರೆ ಮಂಗಳೂರು, ಉಡುಪಿಯ ಅಂಗಡಿಗಳಿಗೆ ಕಾರಿನ ಸಂಖ್ಯೆಯೇ ಏರಿದಂತೆ.

ಪ್ರಾಜೆಕ್ಟಿಗೆ ಈ ವಿಷಯ ತೆಗೆದುಕೊಳ್ಳುವವರು ಒಂದೇ ಮಾದರಿ ಆರಿಸಿ. ಅಂಗಡಿಯ ಬಿಲ್ಲುಗಳನ್ನು ಆಸೆಯ ಭಾಗ, ಅಗತ್ಯದ ಭಾಗ ಎಂದು ಬೇರ್ಪಡಿಸಿ, ಮಾಲೀಕ ಎಷ್ಟನೆಯ ಕೈ ಎಂದು ಕೇಳಿ ಬರೆದುಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್ ತಿಂಗಳುಗಳನ್ನು ಪ್ರತ್ಯೇಕ ಇಡಿ, ಇಲ್ಲವಾದರೆ ಮಳೆಯ ಪ್ರಭಾವ ಬೆಲೆಯ ಪ್ರಭಾವದಂತೆ ಕಾಣುತ್ತದೆ.