ಹಗ್ಗ ಸುತ್ತಿದ ಬಟ್ಟಲಿನ ತಳ ಯಾಕೆ ನೆಟ್ಟಗೆ ಕೂರುವುದಿಲ್ಲ?

ಪ್ರಶ್ನೆ: ಹಳೇ ಕಾಟನ್ ಸೀರೆಯನ್ನು ಪಟ್ಟಿ ಮಾಡಿ, ಬಟ್ಟೆ ಒಣಗಿಸುವ ಹಗ್ಗಕ್ಕೆ ಸುತ್ತಿ, ಅದನ್ನೇ ಸುರುಳಿಯಾಗಿ ಹೊಲಿದು ಬಟ್ಟಲು ಮಾಡುತ್ತಿದ್ದೇನೆ. ಹಬ್ಬಕ್ಕೆ ಮನೆಯವರಿಗೆ, ಗೆಳತಿಯರಿಗೆ ಕೊಡಬೇಕೆಂದು ಆಸೆ. ಮೊದಲ ನಾಲ್ಕೈದು ಸುತ್ತು ಚೆಂದ ಬರುತ್ತದೆ. ಆಮೇಲೆ ಒಮ್ಮೆ ಅಂಚು ತಾನಾಗಿ ಮೇಲೇಳುತ್ತದೆ, ಇನ್ನೊಮ್ಮೆ ಅಲೆ ಅಲೆಯಾಗುತ್ತದೆ. ಮೇಜಿನ ಮೇಲೆ ಇಟ್ಟರೆ ಅಲ್ಲಾಡುತ್ತದೆ. ಏನು ಮಾಡಲಿ? (ಓದುಗರೊಬ್ಬರು, ಮಂಗಳೂರು)

ಉತ್ತರ: ಈ ಬಟ್ಟಲು ಶುರು ಮಾಡಿದವರೆಲ್ಲ ಕೇಳುವ ಪ್ರಶ್ನೆ ಇದು. ಹೆಚ್ಚಿನವರು ಮೆಷಿನ್ ಸರಿ ಇಲ್ಲ ಅಂದುಕೊಳ್ಳುತ್ತಾರೆ, ಇಲ್ಲಾ ಹೊಲಿಗೆ ಬಿಗಿಯಾಯಿತು ಅಂತ ನೂಲಿನ ಬಿಗಿ ಹೊಂದಿಸುವ ಟೆನ್ಷನ್ ತಿರುಗಿಸುತ್ತಾ ಕೂರುತ್ತಾರೆ. ವಿಷಯ ಅಲ್ಲಿಲ್ಲ. ಒಂದೊಂದು ಸುತ್ತಿಗೆ ನೀವು ಎಷ್ಟು ಹಗ್ಗ ಕೊಡುತ್ತೀರಿ ಅನ್ನುವುದರಲ್ಲಿ ಉಂಟು. ಅಷ್ಟು ತಿಳಿದರೆ ತಳವೂ ನಿಮ್ಮ ಕೈಯಲ್ಲಿ, ಗೋಡೆಯೂ ನಿಮ್ಮ ಕೈಯಲ್ಲಿ.

ಸ್ವಲ್ಪ ಲೆಕ್ಕ ಮಾಡೋಣ. 5 ಮಿಲಿಮೀಟರ್ ದಪ್ಪದ ಹತ್ತಿ ಹಗ್ಗಕ್ಕೆ ಬಟ್ಟೆ ಸುತ್ತಿದರೆ ಹತ್ತಿರ ಹತ್ತಿರ 7 ಮಿಲಿಮೀಟರ್ ಆಗುತ್ತದೆ. ಒಂದು ಸುತ್ತು ಮುಗಿದಾಗ ನೀವು ಹೊಲಿದ ಸುರುಳಿಯ ಚಕ್ರ ನಾಲ್ಕೂ ಕಡೆ 7 ಮಿಲಿಮೀಟರ್ ಅಗಲವಾಯಿತು. ಹಾಗಾದರೆ ಮುಂದಿನ ಸುತ್ತಿಗೆ ಹಿಂದಿನದಕ್ಕಿಂತ ಎಷ್ಟು ಹಗ್ಗ ಜಾಸ್ತಿ ಬೇಕು? 7ರ ಎರಡು ಪಟ್ಟು, ಅದನ್ನು 3.14ರಿಂದ ಗುಣಿಸಿದರೆ ಸುಮಾರು 44 ಮಿಲಿಮೀಟರ್. ಮೂರನೇ ಸುತ್ತಾಗಲಿ ಹದಿನೈದನೇ ಸುತ್ತಾಗಲಿ, ಪ್ರತಿ ಸಲ ಅಷ್ಟೇ, 44. ಚಕ್ರ ದೊಡ್ಡದಾದಂತೆ ಇದೂ ಜಾಸ್ತಿ ಬೇಕೇನೋ ಅನಿಸುತ್ತದೆ, ಅಲ್ವಾ? ಬೇಡ.

ಆ 44 ಮಿಲಿಮೀಟರ್ ಪೂರ್ತಿ ಸಿಕ್ಕಿದರೆ ತಳ ಚಪ್ಪಟೆ. ಕಡಿಮೆ ಸಿಕ್ಕಿದರೆ ಹೊರಗಿನ ಸುತ್ತು ಒಳಗಿನದನ್ನು ಬಿಗಿದು ಹಿಡಿಯುತ್ತದೆ, ಅಂಚು ಮೇಲೇಳುತ್ತದೆ. ಜಾಸ್ತಿ ಆದರೆ ಆ ಹೆಚ್ಚಿನ ಹಗ್ಗಕ್ಕೆ ಹೋಗಲು ಜಾಗ ಇಲ್ಲ, ಅದು ಮೇಲೆ ಕೆಳಗೆ ಅಲೆಯಾಗಿ ಕೂರುತ್ತದೆ. ನಿಮ್ಮ ಎರಡೂ ತೊಂದರೆಗೆ ಕಾರಣ ಇದೊಂದೇ.

ಹಗ್ಗ ಕಡಿಮೆ ಆಗುವುದು ನಾವು ಬೇಕಂತಲೇ ಎಳೆದು ಅಲ್ಲ. ಹಗ್ಗದ ಉಂಡೆಯನ್ನು ಸುಮ್ನೆ ನೆಲದ ಮೇಲೆ ಬಿಟ್ಟಿರುತ್ತೇವೆ, ಅದು ಮೇಜಿನ ಅಂಚಿನಿಂದ ಜೋತು ಬಿದ್ದು ತನ್ನ ಭಾರಕ್ಕೆ ತಾನೇ ಎಳೆಯುತ್ತಾ ಇರುತ್ತದೆ, ಸುತ್ತಿಗೆ ನಾಲ್ಕೈದು ಮಿಲಿಮೀಟರ್ ಹೀಗೆ ಹೋದರೂ ಹತ್ತು ಸುತ್ತಿನಲ್ಲಿ ತಳ ಕುಳಿ ಬೀಳಲು ಅಷ್ಟು ಸಾಕು. ಉಂಡೆಯನ್ನು ಒಂದು ಬೇಸಿನ್‌ನಲ್ಲಿ ಹಾಕಿ ಮೇಜಿನ ಮೇಲೆ, ಮೆಷಿನ್‌ನ ಮುಂದೆಯೇ ಇಡಿ. ಇಲ್ಲವೇ ತೊಡೆಯ ಮೇಲೆ ಇಟ್ಟುಕೊಳ್ಳಿ. ಹಗ್ಗ ಸಡಿಲವಾಗಿ ಬಂದು ಚಕ್ರದ ಪಕ್ಕ ತಾನೇ ಮಲಗಬೇಕು. ಅಲೆ ಬರುವುದಕ್ಕೆ ಕಾರಣ ಇದರ ಉಲ್ಟಾ: ಬೇಗ ಮುಗಿಯಲಿ ಅಂತ ಬಲಗೈ ಹಗ್ಗವನ್ನು ಸೂಜಿಯ ಕಡೆಗೆ ದೂಡುತ್ತಿರುತ್ತದೆ. ಬಲಗೈಗೆ ದಾರಿ ತೋರಿಸುವ ಕೆಲಸ ಮಾತ್ರ ಕೊಡಿ.

ಇನ್ನೊಂದು ಕಾರಣ ಉಂಟು, ಇದನ್ನು ಯಾರೂ ಹೇಳುವುದಿಲ್ಲ. ಮನೆಯ ಮೆಷಿನ್‌ನ ಹೊಲಿಯುವ ಜಾಗ ಮೇಜಿಗಿಂತ ಎತ್ತರ. ಚಕ್ರ ಅಂಗೈಗಿಂತ ದೊಡ್ಡದಾದ ಕೂಡಲೇ ಅದರ ಎಡಭಾಗ ಕೆಳಗೆ ಜೋಲುತ್ತದೆ, ಹಾಗೆ ಜೋತ ಆಕಾರದಲ್ಲೇ ಹೊಲಿಗೆ ಬೀಳುತ್ತದೆ. ಎಡಗಡೆ ಅದೇ ಎತ್ತರಕ್ಕೆ ನಾಲ್ಕು ದಪ್ಪ ಪುಸ್ತಕ ಜೋಡಿಸಿ, ಚಕ್ರ ಅದರ ಮೇಲೆ ತಿರುಗಲಿ. ಮೂರು ಸುತ್ತಿಗೊಮ್ಮೆ ನಿಲ್ಲಿಸಿ, ಅಡುಗೆ ಮನೆಯ ಕಲ್ಲಿನ ಕಟ್ಟೆಯ ಮೇಲಿಟ್ಟು ಬೆರಳಲ್ಲಿ ಒತ್ತಿ ನೋಡಿ. ಸ್ವಲ್ಪವೇ ಎದ್ದಿದ್ದರೆ ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿ ಒತ್ತಿದರೆ ಕೂರುತ್ತದೆ. ಜಾಸ್ತಿ ಎದ್ದಿದ್ದರೆ ಇಸ್ತ್ರಿಯಿಂದ ಆಗುವುದಿಲ್ಲ, ಎರಡು ಮೂರು ಸುತ್ತು ಬಿಚ್ಚಿಬಿಡಿ. ಹತ್ತು ಸುತ್ತು ಆದ ಮೇಲೆ ಬಿಚ್ಚುವುದು ನೋವು, ಅದಕ್ಕೇ ಬೇಗ ಬೇಗ ನೋಡಬೇಕು.

ಈಗ ಗೋಡೆ. ತಳದಲ್ಲಿ ಯಾವುದು ದೋಷವೋ ಗೋಡೆಯಲ್ಲಿ ಅದೇ ಬೇಕು. 44ರ ಬದಲು ಸೊನ್ನೆ ಕೊಟ್ಟರೆ, ಅಂದರೆ ಎಲ್ಲಾ ಸುತ್ತೂ ಒಂದೇ ಉದ್ದ ಆದರೆ, ಗೋಡೆ ನೇರ ನಿಲ್ಲುತ್ತದೆ. ಅರ್ಧ, ಅಂದರೆ 22 ಕೊಟ್ಟರೆ ಮೇಜಿನಿಂದ 60 ಡಿಗ್ರಿ ಕೋನದಲ್ಲಿ ಎದ್ದು ಹೊರಗೆ ಬಾಗುತ್ತದೆ, ಬಟ್ಟಲಿಗೆ ಚೆಂದದ ಓರೆ ಅದು. ಆದರೆ ಯಾರೂ ಸ್ಕೇಲ್ ಹಿಡಿದು ಹೊಲಿಯುವುದಿಲ್ಲ ಅಲ್ವಾ. ತಳವನ್ನು ಎಡಗೈಯಲ್ಲಿ ಎತ್ತಿ ಮೆಷಿನ್‌ನ ತಲೆಯ ಎಡಬದಿಗೆ ಒರಗಿಸಿ ಹಿಡಿಯಿರಿ. ಎಷ್ಟು ಎತ್ತುತ್ತೀರೋ ಅಷ್ಟು ನೆಟ್ಟಗೆ ಗೋಡೆ. ಎತ್ತಿದ ಕೋನ ಮಧ್ಯದಲ್ಲಿ ಬದಲಾಗಬಾರದು, ಕೈ ಸೋತರೆ ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ ವಿಶ್ರಾಂತಿ ತೆಗೆದುಕೊಳ್ಳಿ. ಆಕಾರ ಸರಿ ಬರುತ್ತಾ ಅಂತ ನೋಡಲು ಮನೆಯ ಸ್ಟೀಲ್ ಬಟ್ಟಲೊಂದನ್ನು ಪಕ್ಕದಲ್ಲಿಡಿ, ಆಗಾಗ ಅದರೊಳಗೆ ಕೂರಿಸಿ ನೋಡಿ. ತಳ 10–12 ಸೆಂಟಿಮೀಟರ್ ಆದರೂ ಇರಲಿ, ಅದಕ್ಕಿಂತ ಚಿಕ್ಕದಾದರೆ ಗೋಡೆ ಏಳುವಾಗ ಮೆಷಿನ್ ತಲೆಗೆ ಸಿಕ್ಕಿಕೊಳ್ಳುತ್ತದೆ.

ಮೆಷಿನ್‌ಗೆ ಜಿಗ್‌ಜ್ಯಾಗ್, ಅಂದರೆ ಅಂಕುಡೊಂಕು ಹೊಲಿಗೆ ಬೇಕೇ ಬೇಕು. ಹೊಲಿಗೆಯ ಅಗಲ 4–5, ಉದ್ದ 2.5 ಮಿಲಿಮೀಟರ್ ಆಸುಪಾಸು, 16ನೇ ನಂಬರಿನ ಸೂಜಿ. ಚಕ್ರ ಸೂಜಿಯ ಎಡಕ್ಕೆ, ಹೊಸ ಹಗ್ಗ ಬಲಕ್ಕೆ. ಎರಡು ಸುತ್ತು ಸೇರುವ ಗೆರೆ, ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ ಪಾದದ ಸರಿ ನಡುವೆ ಇರಬೇಕು, ಸೂಜಿ ಒಮ್ಮೆ ಎಡದ್ದನ್ನು ಒಮ್ಮೆ ಬಲದ್ದನ್ನು ಕಚ್ಚಬೇಕು. ಹೊಲಿಯುವಾಗ ಮೇಲೆ ಕಾಣುವ ಬದಿ ಬಟ್ಟಲಿನ ಒಳಗಾಗುತ್ತದೆ, ಕೆಳಗಿನಿಂದ ಬರುವ ಬಾಬಿನ್ ನೂಲು ಹೊರಗೆ ಕಾಣುತ್ತದೆ. ಹಾಗಾಗಿ ಬಾಬಿನ್‌ಗೆ ಯಾವುದೋ ಉಳಿದ ನೂಲು ಹಾಕಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇರುವುದು ಅಜ್ಜಿ ಕಾಲದ ಕಪ್ಪು ಮೆಷಿನ್, ಅದರಲ್ಲಿ ನೇರ ಹೊಲಿಗೆ ಮಾತ್ರ, ಅದರಿಂದ ಎರಡು ಹಗ್ಗ ಕೂಡಿಸಲು ಆಗುವುದಿಲ್ಲ. ಬೇಜಾರು ಬೇಡ. ಪಟ್ಟಿಯ ತುದಿಯನ್ನು ದಪ್ಪ ಕಣ್ಣಿನ ಮೊಂಡು ಸೂಜಿಗೆ ಪೋಣಿಸಿ, ಮೂರು ನಾಲ್ಕು ಸಲ ಹಗ್ಗಕ್ಕೆ ಸುತ್ತಿ, ಒಂದು ಸಲ ಹಿಂದಿನ ಸುತ್ತಿನ ಕೆಳಗಿಂದ ತೂರಿಸಿ ಬಿಗಿಯಿರಿ. ನಿಧಾನ, ನಿಜ. ಆದರೆ ನನಗೆ ಕೇಳಿದರೆ ಕೈಯಲ್ಲಿ ಮಾಡಿದ ಬಟ್ಟಲೇ ಹೆಚ್ಚು ಚೆಂದ. ಬೈಹುಲ್ಲಿನ ಹಗ್ಗ ಬಿಗಿದು ಅಕ್ಕಿ ತುಂಬಿಡುವ ಮುಡಿ ಕಟ್ಟುತ್ತಿದ್ದ ಊರು ನಮ್ಮದು, ಆ ಬಿಗಿ ಕೈಗೆ ಬಂದರೆ ಮತ್ತೆ ಬಿಡುವುದಿಲ್ಲ.

ಹಗ್ಗದ ಬಗ್ಗೆ ಒಂದು ಮಾತು. ಮಂಗಳೂರಿನ ಬಂದರು ಕಡೆ, ಮಲ್ಪೆ ಕಡೆ ಹಗ್ಗಕ್ಕೇನೂ ಬರವಿಲ್ಲ, ಆದರೆ ಮೀನುಗಾರಿಕೆಯ ಹಗ್ಗ ಹೆಚ್ಚಾಗಿ ನೈಲಾನ್ ಅಥವಾ ಪ್ಲಾಸ್ಟಿಕ್. ಜಾರುತ್ತದೆ, ಇಸ್ತ್ರಿಗೆ ಕರಗುತ್ತದೆ. ತೆಂಗಿನ ನಾರಿನ ಹುರಿ ಹಗ್ಗ ಸೂಜಿ ಮುರಿಯುತ್ತದೆ. ಬೇಕಾದ್ದು ಹತ್ತಿ ಹಗ್ಗ. ಅನುಮಾನ ಬಂದರೆ ತುದಿಗೆ ಬೆಂಕಿ ತೋರಿಸಿ: ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ, ನೈಲಾನ್ ಕರಗಿ ಗಟ್ಟಿ ಮಣಿ ಆಗುತ್ತದೆ. ಹೊಸ ಹತ್ತಿ ಹಗ್ಗವನ್ನು ರಾತ್ರಿ ನೀರಲ್ಲಿ ನೆನೆಸಿ ಪೂರ್ತಿ ಒಣಗಿಸಿ. ಕುಗ್ಗುವುದು ಈಗಲೇ ಕುಗ್ಗಲಿ, ಬಟ್ಟಲಾದ ಮೇಲೆ ಬೇಡ.

ಎಷ್ಟು ಬೇಕು? ತಳ 12 ಸೆಂಟಿಮೀಟರ್, ಬಾಯಿ 20, ಎತ್ತರ 6 ಇರುವ ಬಟ್ಟಲಿಗೆ ಸುಮಾರು 7 ಮೀಟರ್ ಹಗ್ಗ ಹೋಗುತ್ತದೆ. 10 ಮೀಟರ್ ತಂದರೆ ನಿಶ್ಚಿಂತೆ. ಎರಡು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ಓರೆಯಾಗಿ, ಒಂದರ ಮೇಲೊಂದು ಅರ್ಧ ಕೂರುವ ಹಾಗೆ ಸುತ್ತಿದರೆ ಸೀರೆಯ ಉದ್ದದ ಎರಡು ಪಟ್ಟಿ ಬೇಕು, ಮೂರನೆಯದು ಕೈಯಲ್ಲಿರಲಿ. ಅಂದರೆ ಒಂದು ಸೀರೆಯಲ್ಲಿ ಇಡೀ ಕುಟುಂಬಕ್ಕೆ ಬಟ್ಟಲು! ಒಂದು ಸಲಕ್ಕೆ ಒಂದು ಮೊಳದಷ್ಟು ಮಾತ್ರ ಸುತ್ತಿ, ಬಟ್ಟೆ ಕ್ಲಿಪ್ ಹಾಕಿ, ಅಷ್ಟು ಹೊಲಿದು ಮುಂದೆ ಹೋಗಿ. ಪಟ್ಟಿ ಮುಗಿದರೆ ಹಳೆಯದರ ತುದಿಯ ಮೇಲೆ ಹೊಸದನ್ನಿಟ್ಟು ಸುತ್ತಿದರೆ ಆಯಿತು. ಕೊನೆಯಲ್ಲಿ ಹಗ್ಗದ ತುದಿಯನ್ನು ಓರೆಯಾಗಿ ಕತ್ತರಿಸಿ, ಬಟ್ಟೆಯಿಂದ ಮುಚ್ಚಿ, ಹಿಂದಿನ ಸುತ್ತಿಗೆ ಸೇರಿಸಿ ಎರಡು ಸಲ ಹೊಲಿಯಿರಿ.

ಸೀರೆ ಮೆತ್ತಗಿರುವ ಹತ್ತಿಯದಾಗಿರಲಿ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ಬಣ್ಣ ಬಿಡುತ್ತದಾ ನೋಡಿ. ಒಂದು ವಿನಂತಿ: ಮನೆಯಲ್ಲಿ ಕೈಮಗ್ಗದ ಉಡುಪಿ ಸೀರೆ ಇದ್ದು, ಅದು ಇನ್ನೂ ಉಡುವ ಹಾಗಿದ್ದರೆ ದಯವಿಟ್ಟು ಕತ್ತರಿ ಹಾಕಬೇಡಿ. ಅದನ್ನು ನೇಯುವ ಕೈಗಳು ಈಗ ತೀರಾ ಕಡಿಮೆ. ಹರಿದು ಹೋಗಿದ್ದರೆ ಮಾತ್ರ ತೆಗೆದುಕೊಳ್ಳಿ, ಅಂಥ ಸೀರೆಯ ಬಟ್ಟಲನ್ನು ಅದನ್ನು ಉಟ್ಟವರ ಮಕ್ಕಳಿಗೋ ಮೊಮ್ಮಕ್ಕಳಿಗೋ ಕೊಟ್ಟು ನೋಡಿ. ಅಂಗಡಿಯ ಯಾವ ಗಿಫ್ಟೂ ಅದಕ್ಕೆ ಸಮ ಅಲ್ಲ.

ಕೊಡುವಾಗ ಒಳಗೇನು ಹಾಕುತ್ತೀರಿ ಅನ್ನುವುದೂ ಮುಖ್ಯ. ಕ್ರಿಸ್ಮಸ್‌ಗೆ ಹಂಚುವ ತಿಂಡಿಗಳಾದ ಕುಸ್ವಾರ್‌ನ ನೆವ್ರ್ಯೊ, ಕಿಡಿಯೊ ಆಗಲಿ, ಅಷ್ಟಮಿಯ ಚಕ್ಕುಲಿ ಆಗಲಿ, ಕರಿದದ್ದಾದರೆ ಬಟರ್ ಪೇಪರ್ ಹಾಸಿಯೇ ಹಾಕಿ. ಎಣ್ಣೆ ಒಮ್ಮೆ ಹಗ್ಗಕ್ಕೆ ಇಳಿದರೆ ಹೋಗುವುದಿಲ್ಲ. ನೀರು ಚಿಮುಕಿಸಿದ ಮಲ್ಲಿಗೆಯನ್ನು ನೇರವಾಗಿ ಇಡಬೇಡಿ, ಕಲೆ ಬೀಳುತ್ತದೆ.

ತೊಳೆಯುವುದು ಹೇಗೆ ಅಂತ ಒಂದು ಚೀಟಿ ಬರೆದಿಡಿ: ತಣ್ಣೀರು, ಸ್ವಲ್ಪ ಸೋಪು, ಹಿಂಡಬಾರದು, ಟವೆಲ್‌ನಲ್ಲಿ ಒತ್ತಿ ನೀರು ತೆಗೆದು ಸ್ಟೀಲ್ ಬಟ್ಟಲಿನ ಮೇಲೆ ಬೋರಲು ಹಾಕಿ ಫ್ಯಾನ್ ಕೆಳಗೆ ಒಣಗಿಸಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಹೊರಗಿನ ಬಟ್ಟೆ ಒಣಗಿದಂತೆ ಕಂಡರೂ ಒಳಗಿನ ಹಗ್ಗ ಒದ್ದೆಯೇ ಇರುತ್ತದೆ, ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಿದ ಬಟ್ಟಲನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಬೇಡಿ, ಕಾಗದದಲ್ಲಿ ಸುತ್ತಿ ಕಪಾಟಿನ ಮೇಲಿನ ಹಂತದಲ್ಲಿಡಿ, ಕೊಡುವ ಹಿಂದಿನ ದಿನ ಒಮ್ಮೆ ಇಸ್ತ್ರಿ ಹಾಯಿಸಿ.