ಒಂದೇ ಕಥೆ, ಐದು ಭಾಷೆ: ‘ಬಿಕ್ರಮ್ ಸಿಂಘ’ದ ಹಿನ್ನೆಲೆ

2012ರಲ್ಲಿ ಬಂಗಾಳಿಯಲ್ಲಿ ‘ಬಿಕ್ರಮ್ ಸಿಂಘ’ ಬಂತು. ಪ್ರೊಸೆನ್‌ಜಿತ್ ಚಟರ್ಜಿ ಅವರದು ಡಬಲ್ ಆಕ್ಟಿಂಗ್. ಒಬ್ಬ ಕಳ್ಳ, ಇನ್ನೊಬ್ಬ ಪೊಲೀಸ್. ಕಳ್ಳನನ್ನೇ ಅಪ್ಪ ಎಂದು ಅಂಟಿಕೊಳ್ಳುವ ಒಂದು ಪುಟ್ಟ ಹುಡುಗಿ. ಎಲ್ಲೋ ನೋಡಿದ ಹಾಗಿದೆ ಅಲ್ವಾ?

ಹೌದು, ನೋಡಿದ್ದೇವೆ. 2009ರಲ್ಲಿ ಸುದೀಪ್ ತಾವೇ ನಿರ್ದೇಶಿಸಿ ನಟಿಸಿದ ‘ವೀರ ಮದಕರಿ’ಯ ಕಥೆಯೂ ಇದೇ. ಎರಡಕ್ಕೂ ಮೂಲ 2006ರ ತೆಲುಗು ‘ವಿಕ್ರಮಾರ್ಕುಡು’. ಕಥೆ ವಿಜಯೇಂದ್ರ ಪ್ರಸಾದ್ ಅವರದು, ನಿರ್ದೇಶನ ಅವರ ಮಗ ರಾಜಮೌಳಿ, ನಾಯಕ ರವಿತೇಜ. 2011ರಲ್ಲಿ ಅದು ತಮಿಳಿಗೆ ಹೋಯಿತು. 2012ರಲ್ಲಿ ಹಿಂದಿಯಲ್ಲಿ ಅಕ್ಷಯ್ ಕುಮಾರ್ ಮಾಡಿದರು, ಅದೇ ವರ್ಷ ಬಂಗಾಳಿಗೂ ಬಂತು.

ಕಥೆಗಾರರಿಗೆ ಯಾವತ್ತೂ ಬರವಿಲ್ಲದ ನಾಡು ಬಂಗಾಳ. ಅಲ್ಲಿನವರು ಹೈದರಾಬಾದಿನ ಕಥೆ ಕೊಳ್ಳುವ ಹಾಗಾದದ್ದು ಹೇಗೆ?

ಹೊರಗಿನ ಕಥೆ ತರುವುದು ಅಲ್ಲಿ ಹೊಸದಲ್ಲ. 1961ರ ‘ಝಿಂದೇರ್ ಬಂದಿ’ಯಲ್ಲಿ ಬಂಗಾಳಿ ಚಿತ್ರರಂಗದ ದೊಡ್ಡ ಸ್ಟಾರ್ ಉತ್ತಮ್ ಕುಮಾರ್ ಡಬಲ್ ಆಕ್ಟಿಂಗ್ ಮಾಡಿದ್ದರು. ಅದರ ಮೂಲ ಒಂದು ಇಂಗ್ಲಿಷ್ ಕಾದಂಬರಿ. ಆದರೆ ಅದನ್ನು ಶರದಿಂದು ಬಂದ್ಯೋಪಾಧ್ಯಾಯರು ಮೊದಲು ಬಂಗಾಳಿ ಕಾದಂಬರಿಯಾಗಿ ಬರೆದಿದ್ದರು. ಆಮೇಲೆ ತಪನ್ ಸಿನ್ಹಾ ಸಿನಿಮಾ ಮಾಡಿದರು. ಕಥೆ ಊರಿನ ನೀರು ಕುಡಿದು ಬೆಳೆದಿತ್ತು.

1980ರಲ್ಲಿ ಉತ್ತಮ್ ಕುಮಾರ್ ತೀರಿಕೊಂಡರು. ಬಂಗಾಳಿ ಸಿನಿಮಾ ತಯಾರಾಗುವ ಕೋಲ್ಕತ್ತದ ಟಾಲಿಗಂಜ್‌ನ ಸ್ಟುಡಿಯೋಗಳಿಗೆ ಕಷ್ಟದ ದಿನಗಳು ಬಂದವು. ಪೇಟೆಯ ಮಧ್ಯಮ ವರ್ಗ ಟಿ.ವಿ. ಮುಂದೆ ಕೂತಿತು. ಥಿಯೇಟರ್ ಕೈಬಿಡದವರು ಸಣ್ಣ ಊರುಗಳ ಜನ. ಅವರಿಗಾಗಿ ಬಂದ ಸಿನಿಮಾಗಳಲ್ಲಿ ಪ್ರೊಸೆನ್‌ಜಿತ್ ವರ್ಷಗಟ್ಟಲೆ ದುಡಿದರು.

ರೀಮೇಕ್ ಭರಾಟೆ ಜೋರಾದದ್ದು 2002ರ ‘ಸಾಥಿ’ಯ ನಂತರ. ಜೀತ್ ನಾಯಕನಾಗಿ ಬಂದ ಈ ಚಿತ್ರ ತಮಿಳಿನ ‘ತುಳ್ಳಾದ ಮನಮುಂ ತುಳ್ಳುಂ’ ರೀಮೇಕ್. ಕನ್ನಡದಲ್ಲಿ ಅದೇ ‘ಓ ನನ್ನ ನಲ್ಲೆ’. ‘ಸಾಥಿ’ ದೊಡ್ಡ ಹಿಟ್ ಆಯಿತು, ಲೆಕ್ಕಾಚಾರವೇ ಬದಲಾಯಿತು. ಬಂಗಾಳಿ ಮಾರುಕಟ್ಟೆ ಚಿಕ್ಕದು, ಒಂದು ಚಿತ್ರ ಸೋತರೂ ನಿರ್ಮಾಪಕರಿಗೆ ಪೆಟ್ಟು ಜೋರು. ಗೆದ್ದ ಚಿತ್ರದ ಹಕ್ಕು ಕೊಂಡರೆ ಜನ ಎಲ್ಲಿ ನಗುತ್ತಾರೆ, ಎಲ್ಲಿ ಶಿಳ್ಳೆ ಹೊಡೆಯುತ್ತಾರೆ ಎಂದು ಮೊದಲೇ ಗೊತ್ತಿರುತ್ತದೆ. ಹೀಗೆ ಜೀತ್, ದೇವ್ ಇಬ್ಬರೂ ಸ್ಟಾರ್ ಆದರು. ನಮ್ಮ ‘ಮುಂಗಾರು ಮಳೆ’ ಕೂಡ 2008ರಲ್ಲಿ ‘ಪ್ರೇಮೇರ್ ಕಾಹಿನಿ’ ಆಯಿತು.

ಇದನ್ನು ಬರೀ ಕಾಪಿ ಎಂದು ತಳ್ಳಿಹಾಕುವುದು ಸರಿಯಲ್ಲ. ಆ ದುಡ್ಡಿನಿಂದಲೇ ಲೈಟ್ ಹುಡುಗರ ಮನೆಯಲ್ಲಿ ಒಲೆ ಉರಿಯಿತು, ಸಣ್ಣ ಊರಿನ ಥಿಯೇಟರ್ ಬಾಗಿಲು ತೆರೆದಿತ್ತು. ಆ ಪ್ರೇಕ್ಷಕರಿಗೆ ಅಭಿರುಚಿ ಇಲ್ಲ ಎನ್ನುವ ಮಾತು ನನಗೆ ನೋವು ಕೊಡುತ್ತದೆ. ಆದರೆ ನಷ್ಟವೂ ಆಯಿತು. ಆ್ಯಕ್ಷನ್ ಸಿನಿಮಾಕ್ಕೆ ನಿನ್ನ ಊರಿನ ಕಥೆ ಕೊಡು ಎಂದು ಅಲ್ಲಿನ ಬರಹಗಾರರನ್ನು ಕೇಳುವುದೇ ಕಡಿಮೆಯಾಯಿತು. ಸಿದ್ಧವಾದ ಕಥೆ ಅಷ್ಟು ಸುಲಭವಾಗಿ ಸಿಗುವಾಗ ಯಾರು ಕಾಯುತ್ತಾರೆ?

‘ಬಿಕ್ರಮ್ ಸಿಂಘ’ ಬಂದಾಗ ಪ್ರೊಸೆನ್‌ಜಿತ್‌ಗೆ ಹತ್ತಿರಹತ್ತಿರ 50 ವರ್ಷ. ಎರಡೇ ವರ್ಷದ ಹಿಂದೆ ‘ಮೊನೇರ್ ಮಾನುಷ್’ನಲ್ಲಿ ಬಂಗಾಳದ ಸಂತ ಕವಿ ಲಾಲನ್ ಫಕೀರ್ ಆಗಿ ಮನಸ್ಸು ಗೆದ್ದಿದ್ದರು. ಅಂಥ ನಟ ಮತ್ತೆ ಹೊಡೆದಾಟಕ್ಕೆ ಇಳಿದಿದ್ದರು. ಆದರೆ ಕಥೆಯ ಬಿಸಿ ಆರಿತ್ತು. ಹಿಂದಿ ರೀಮೇಕ್ ಆಗಲೇ ಥಿಯೇಟರಿಗೆ ಬಂದಿತ್ತು. ಮುಂದೆ ಹಿಂದಿ ಡಬ್ಬಿಂಗ್ ಹೆಚ್ಚಿತು. ಟಿ.ವಿ.ಯಲ್ಲಿ, ಯೂಟ್ಯೂಬ್‌ನಲ್ಲಿ ತೆಲುಗಿನ ಮೂಲ ಚಿತ್ರವೇ ಸುಮ್ನೆ ಸಿಗುವಾಗ ರೀಮೇಕ್‌ಗೆ ಟಿಕೆಟ್ ಕೊಳ್ಳುವವರು ಕಡಿಮೆಯಾದರು. ಸಿಂಗಲ್ ಸ್ಕ್ರೀನ್‌ಗಳು ಒಂದೊಂದಾಗಿ ಮುಚ್ಚಿದವು.

2024ರ ಡಿಸೆಂಬರ್‌ನಲ್ಲಿ ಬಂಗಾಳಿಯ ‘ಖಾದಾನ್’ ತೆರೆಕಂಡಿತು. ಅದರಲ್ಲೂ ಡಬಲ್ ಆಕ್ಟಿಂಗ್ ಇದೆ, ಅಪ್ಪ ಮಗ ಇಬ್ಬರೂ ದೇವ್. ಹೊಡೆದಾಟವೂ ಬೇಕಾದಷ್ಟಿದೆ. ಆದರೆ ಅದು ರೀಮೇಕ್ ಅಲ್ಲ. ಅಲ್ಲಿ ನಾಯಕನ ಮೈಗೆ ಮೆತ್ತಿದ್ದು ಬಂಗಾಳದ್ದೇ ದಾಮೋದರ ಕಣಿವೆಯ ಕಲ್ಲಿದ್ದಲ ಮಸಿ.