ಎಚ್‌ಟಿಟಿಪಿಎಸ್: ಕೊನೆಯ ಆ ಎಸ್ ಏನು ಮಾಡುತ್ತದೆ?

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ಅಂಗಡಿ ಇದೆ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಅರ್ಜಿ ತುಂಬಲು ಬರುತ್ತಾರೆ. ಮೊನ್ನೆ ರೋಣದ ಕಡೆಯ ಹುಡುಗಿಯೊಬ್ಬಳು ಎರಡು ಲಿಂಕ್ ತೋರಿಸಿದಳು. "ಅಣ್ಣಾರ, ಇದರಾಗ ಬರೇ ಎಚ್‌ಟಿಟಿಪಿ ಐತಿ, ಅದರಾಗ ಮುಂದ ಎಸ್ ಐತಿ. ಎರಡೂ ಒಂದೇ ಅಲ್ಲೇನ್ರಿ?"

ಒಂದೇ ಅಲ್ಲ. ಎಚ್‌ಟಿಟಿಪಿ ಅಂದರೆ ಹೈಪರ್‌ಟೆಕ್ಸ್ಟ್ ಟ್ರಾನ್ಸ್‌ಫರ್ ಪ್ರೋಟೋಕಾಲ್. ನಮ್ಮ ಬ್ರೌಸರ್ ಮತ್ತು ದೂರದ ಸರ್ವರ್ (ಸೈಟ್ ಇಟ್ಟಿರುವ ಯಂತ್ರ) ಹೇಗೆ ಮಾತಾಡಬೇಕು ಅನ್ನುವ ಕಟ್ಟಳೆ ಅದು. ಕೊನೆಯ ಎಸ್ ಅಂದರೆ ಸೆಕ್ಯೂರ್, ಅಂದರೆ ಭದ್ರ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರ್‌ಗಾಗಿ ಇದನ್ನು ಶುರು ಮಾಡಿತು.

ಅವಳಿಗೆ ಬುತ್ತಿಯ ಲೆಕ್ಕದಲ್ಲಿ ಹೇಳಿದೆ. ಊರಿಂದ ಅವ್ವ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಬಸ್ಸಿಗೆ ಕೊಡುತ್ತಾರೆ, ಇವಳು ಇಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುತ್ತಾಳೆ. ಬರೀ ಬಟ್ಟೆಯ ಗಂಟಾದರೆ ದಾರಿಯಲ್ಲಿ ಯಾರು ಬೇಕಾದರೂ ಬಿಚ್ಚಿ ನೋಡಬಹುದು. ಎರಡು ರೊಟ್ಟಿ ತೆಗೆದು, ಬೇರೇನೋ ಇಟ್ಟು, ಮತ್ತೆ ಗಂಟು ಹಾಕಿದರೆ ಗೊತ್ತೇ ಆಗುವುದಿಲ್ಲ. ಎಸ್ ಇಲ್ಲದ ಲಿಂಕ್ ಹೀಗೆಯೇ. ನೀವು ಬರೆದ ಪಾಸ್‌ವರ್ಡ್ ನಡುವೆ ಸಿಗುವ ವೈ-ಫೈ, ನೆಟ್ ಕೊಡುವವರ ಯಂತ್ರ, ಎಲ್ಲವನ್ನೂ ಬಿಚ್ಚಿದ ಗಂಟಿನಂತೆ ದಾಟಿ ಹೋಗುತ್ತದೆ.

ಎಸ್ ಇದ್ದರೆ ಅದು ಕೀಲಿ ಹಾಕಿದ ಡಬ್ಬಿ. ಮೇಲೆ ಬರೆದ ಹಾಸ್ಟೆಲ್ ಹೆಸರು ಕಂಡಕ್ಟರ್‌ಗೆ ಕಾಣುತ್ತದೆ, ಒಳಗೇನಿದೆ ಅಂತ ಕಾಣುವುದಿಲ್ಲ. ಹಾಗೆಯೇ ನೀವು ಯಾವ ಸೈಟಿಗೆ ಹೋದಿರಿ ಅನ್ನುವುದು ನಡುವಿನವರಿಗೆ ಸಾಮಾನ್ಯವಾಗಿ ತಿಳಿಯುತ್ತದೆ, ಅಲ್ಲಿ ಏನು ಓದಿದಿರಿ, ಏನು ಬರೆದಿರಿ ಅನ್ನುವುದು ತಿಳಿಯುವುದಿಲ್ಲ.

ಅವಳು ಅಷ್ಟಕ್ಕೇ ಬಿಡಲಿಲ್ಲ. "ಕೀಲಿಕೈನೂ ಅದ ಬಸ್ಸಿನ್ಯಾಗ ಕಳಸಬೇಕಲ್ರೀ ಮತ್ತ? ದಾರ್ಯಾಗ ಯಾರರ ನಕಲಿ ಮಾಡಿಸಿಕೊಂಡ್ರ?"

ಎಷ್ಟು ಸರಿಯಾದ ಪ್ರಶ್ನೆ! ಇದಕ್ಕೆ 1976ರಲ್ಲಿ ಅಮೆರಿಕದ ಸಂಶೋಧಕರಾದ ವಿಟ್‌ಫೀಲ್ಡ್ ಡಿಫಿ, ಮಾರ್ಟಿನ್ ಹೆಲ್‌ಮನ್ ಇಬ್ಬರೂ ಒಂದು ದಾರಿ ಪ್ರಕಟಿಸಿದರು. ಕೀಲಿಕೈ ಕಳಿಸುವುದೇ ಬೇಡ, ಎರಡೂ ಕಡೆ ಅದನ್ನು ಲೆಕ್ಕ ಮಾಡಿ ಹುಟ್ಟಿಸಿಕೊಳ್ಳೋಣ ಅಂತ. ಒಂದು ಹಾಳೆ ತೆಗೆದು ಮಾಡಿ ತೋರಿಸಿದೆ. 3 ಮತ್ತು 17 ಎಲ್ಲರಿಗೂ ಗೊತ್ತಿರುವ ಸಂಖ್ಯೆಗಳು. ನನ್ನ ಗುಟ್ಟು 4. ಮೂರನ್ನು ಮೂರರಿಂದಲೇ, ಒಟ್ಟು ನಾಲ್ಕು ಮೂರು ಬರುವಂತೆ (3×3×3×3) ಗುಣಿಸಿದರೆ 81, ಹದಿನೇಳರಿಂದ ಭಾಗಿಸಿದರೆ ಶೇಷ 13. ಅವಳ ಗುಟ್ಟು 6. ಹಾಗೆಯೇ ಮೂರನ್ನು ಆರು ಸಲ ಗುಣಿಸಿದರೆ 729, ಶೇಷ 15. ನಾವು ಹೊರಗೆ ಹೇಳಿದ್ದು 13 ಮತ್ತು 15 ಮಾತ್ರ. ಈಗ ನಾನು ಅವಳ 15ನ್ನು ನಾಲ್ಕು ಸಲ ಗುಣಿಸಿ ಭಾಗಿಸಿದೆ, ಶೇಷ 16. ಅವಳು ನನ್ನ 13ನ್ನು ಆರು ಸಲ ಗುಣಿಸಿ ಭಾಗಿಸಿದಳು, ಅವಳಿಗೂ 16! ಆ 16 ನಮ್ಮಿಬ್ಬರ ಕೀಲಿಕೈ. ಅದನ್ನು ಯಾರೂ ಬಾಯಿಬಿಟ್ಟು ಹೇಳಲೇ ಇಲ್ಲ. ನಿಜವಾದ ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದ ಇರುತ್ತವೆ, ಹಾಗಾಗಿ ಕದ್ದು ಕೇಳಿದವರಿಗೆ ಗುಟ್ಟು ಬಿಡಿಸಲು ಆಗುವುದಿಲ್ಲ. ಎಸ್ ಇರುವ ಪುಟ ತೆರೆದಾಗ ಈ ಬಗೆಯ ಲೆಕ್ಕ ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ.

ಇದರ ಜೊತೆ ಸರ್ಟಿಫಿಕೇಟ್ ಅಂತ ಒಂದಿದೆ. "ಈ ವಿಳಾಸ ಇವರದ್ದೇ" ಅಂತ ಬ್ರೌಸರ್ ನಂಬುವ ಒಂದು ಸಂಸ್ಥೆ ಹಾಕಿದ ಸಹಿ ಅದು. ಮೊದಲು ಇದಕ್ಕೆ ಸಾಮಾನ್ಯವಾಗಿ ದುಡ್ಡು ಕೊಡಬೇಕಿತ್ತು. 2015ರ ಕೊನೆಯಿಂದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಎಲ್ಲರಿಗೂ ಪುಕ್ಕಟೆ ಕೊಡುತ್ತಿದೆ. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಎಸ್ ಇಲ್ಲದ ಪುಟಗಳಿಗೆಲ್ಲ "ನಾಟ್ ಸೆಕ್ಯೂರ್" ಅಂತ ತೋರಿಸತೊಡಗಿತು.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ನನ್ನ ಅಂಗಡಿಗೆ ಬರುವವರಲ್ಲಿ ಜಾಸ್ತಿ ಜನ ತಪ್ಪು ತಿಳಿಯುವುದು ಇದನ್ನೇ. ಎಸ್ ದಾರಿಯನ್ನು ಕಾಯುತ್ತದೆ. ಮುಟ್ಟಿದ ಮನೆಯವರು ಒಳ್ಳೆಯವರು ಅಂತ ಅದು ಹೇಳುವುದಿಲ್ಲ. ಡಬ್ಬಿ ಭದ್ರವಾಗಿಯೇ ಬಂದು ಕಳ್ಳನ ಕೈ ಸೇರಬಹುದು, ಅಲ್ವಾ? ಮೋಸದ ಸೈಟ್ ಮಾಡುವವನಿಗೂ ಆ ಸರ್ಟಿಫಿಕೇಟ್ ಪುಕ್ಕಟೆಯೇ ಸಿಗುತ್ತದೆ. ವಿಳಾಸದ ಪಕ್ಕ ಕಾಣುತ್ತಿದ್ದ ಕೀಲಿಯ ಚಿತ್ರ ನೋಡಿ ಜನ ಸೈಟನ್ನೇ ನಂಬಿಬಿಡುತ್ತಾರೆ ಅಂತ ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ಬದಲಿಸಿತು.

ಹಾಗಾಗಿ ಎಸ್ ನೋಡಿದ ಮೇಲೆ ವಿಳಾಸವನ್ನೂ ಓದಬೇಕು. ಅದನ್ನು ಓದುವುದು ಹಿಂದಿನಿಂದ. ಎರಡು ಓರೆಗೆರೆ (//) ಆದಮೇಲೆ ಬರುವ ಮುಂದಿನ ಓರೆಗೆರೆಯವರೆಗೆ ಹೋಗಿ, ಅಲ್ಲಿಂದ ಎಡಕ್ಕೆ ಬನ್ನಿ. "ನಮ್ಮಬ್ಯಾಂಕ್ ಡಾಟ್ ಕಾಮ್ ಡಾಟ್ ಕೆವೈಸಿಅಪ್‌ಡೇಟ್ ಡಾಟ್ ಟಾಪ್" ಅಂತಿದ್ದರೆ ಅದು ಬ್ಯಾಂಕಿನದ್ದಲ್ಲ, ಕೆವೈಸಿಅಪ್‌ಡೇಟ್ ಅನ್ನುವವರದ್ದು. ಶುರುವಿನಲ್ಲಿರುವ ಬ್ಯಾಂಕಿನ ಹೆಸರು ಸುಮ್ನೆ ಅಂಟಿಸಿದ್ದು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ "ಡಾಟ್ ಬ್ಯಾಂಕ್ ಡಾಟ್ ಇನ್" ವಿಳಾಸಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದ್ದು ಇಂಥ ಮೋಸ ತಡೆಯಲಿಕ್ಕೇ.

ಆ ಹುಡುಗಿ ಹೋದಮೇಲೆ ಅಂಗಡಿಯ ಗೋಡೆಯ ಮೇಲಿದ್ದ ಲಿಂಕುಗಳ ಹಾಳೆ ಕಿತ್ತು ಹೊಸದಾಗಿ ಬರೆದೆ. ಎರಡು ಹಳೆಯವಕ್ಕೆ ಎಸ್ ಇರಲಿಲ್ಲ. ಎಸ್ ಸೇರಿಸಿ ತೆರೆದು ನೋಡಿದೆ. ಒಂದು ತೆರೆಯಿತು, ಎಸ್ ಜೊತೆಗೇ ಬರೆದುಕೊಂಡೆ. ಇನ್ನೊಂದು ತೆರೆಯಲಿಲ್ಲ, ಅದನ್ನು ಬಿಟ್ಟೆ.